ಕಲಾಸಿಪಾಳ್ಯದಲ್ಲಿ ಇಳಿದ ಮೇಲಷ್ಟೇ ಲೆಕ್ಕಕ್ಕೆ ಬರುವ ರೋಗಿಗಳು

ಬೆಂಗಳೂರಿನ ಕಲಾಸಿಪಾಳ್ಯದ ಬಸ್ಸು ನಿಲ್ದಾಣದಿಂದ ವಿಕ್ಟೋರಿಯಾ ಆಸ್ಪತ್ರೆಗೆ ನಡೆದೇ ಹೋಗಬಹುದು. ವಾಣಿವಿಲಾಸ ಹೆರಿಗೆ ಆಸ್ಪತ್ರೆ, ಮಿಂಟೋ ಕಣ್ಣಾಸ್ಪತ್ರೆ, ವೈದ್ಯಕೀಯ ಕಾಲೇಜು ಎಲ್ಲವೂ ಅದೇ ಆಸುಪಾಸಿನಲ್ಲಿವೆ. 1898ರ ಪ್ಲೇಗಿನಿಂದ ತತ್ತರಿಸಿದ ನಗರದಲ್ಲಿ 1900ರಲ್ಲಿ ಬಾಗಿಲು ತೆರೆದ ವಿಕ್ಟೋರಿಯಾ, ಇಂದಿಗೂ ನಾಡಿನ ಬಡವರ ಕೊನೆಯ ಆಸರೆಗಳಲ್ಲೊಂದು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬೆಳಗಿನ ಜಾವ ಇಲ್ಲಿ ಇಳಿಯುವವರಲ್ಲಿ ದೂರದ ಜಿಲ್ಲೆಗಳ ರೋಗಿಗಳೂ ಇರುತ್ತಾರೆ. ಊರಿನಲ್ಲಿ ಇದ್ದಷ್ಟು ದಿನ ಯಾವ ಕೋಷ್ಟಕದಲ್ಲಿಯೂ ಕಾಣಿಸದ ಅವರ ಕಾಯಿಲೆ, ಹೊರರೋಗಿ ಚೀಟಿ ಪಡೆದ ಕ್ಷಣದಲ್ಲಿ ಒಂದು ಅಂಕಿಯಾಗುತ್ತದೆ. ಆದರೆ ಅದು ಅವರ ಊರಿನ ಕೊರತೆಯ ಅಂಕಿಯಲ್ಲ. ಬೆಂಗಳೂರಿನ ಬೇಡಿಕೆಯ ಅಂಕಿ.

ಆರೋಗ್ಯ ಯೋಜನೆಯ ಹೆಸರಿನಲ್ಲಿ ನಮಗೆ ಆಗುತ್ತಿರುವ ಅನ್ಯಾಯದ ಬೇರು ಈ ಒಂದು ವಾಕ್ಯದಲ್ಲಿದೆ. ಆಸ್ಪತ್ರೆ ಇರುವಲ್ಲಿಗೆ ರೋಗಿಗಳು ಹೋಗುತ್ತಾರೆ. ರೋಗಿಗಳು ಹೋದಲ್ಲಿ ದಾಖಲೆ ಹುಟ್ಟುತ್ತದೆ. ದಾಖಲೆ ಇರುವಲ್ಲಿ 'ಬೇಡಿಕೆ ಹೆಚ್ಚು' ಎಂದು ಲೆಕ್ಕ ಹೇಳುತ್ತದೆ. ಬೇಡಿಕೆ ಹೆಚ್ಚಿರುವಲ್ಲಿಗೇ ಮತ್ತಷ್ಟು ಹಾಸಿಗೆ, ತಜ್ಞರು, ಯಂತ್ರಗಳು ಮಂಜೂರಾಗುತ್ತವೆ. ಆಸ್ಪತ್ರೆ ಇಲ್ಲದ ಊರಿನಲ್ಲಿ ದಾಖಲೆಯಿಲ್ಲ; ಆದ್ದರಿಂದ ರೋಗವೂ ಇಲ್ಲ! ಬಳಕೆಯನ್ನು ಅಗತ್ಯವೆಂದು ತಪ್ಪಾಗಿ ಓದುವ ಈ ವಿಷವರ್ತುಲವನ್ನು ಕಂಪ್ಯೂಟರಿನ ಪರದೆಯ ಮೇಲೆ ಬಣ್ಣದ ನಕ್ಷೆಯಾಗಿ ತೋರಿಸಿದಾಕ್ಷಣ ಅದು ವಿಜ್ಞಾನವಾಗಿಬಿಡುವುದಿಲ್ಲ. ಆರೈಕೆ ಹೆಚ್ಚು ಬೇಕಾದವರಿಗೇ ಅದು ಕಡಿಮೆ ದೊರೆಯುತ್ತದೆ ಎಂಬ 'ವಿಲೋಮ ಆರೈಕೆಯ ನಿಯಮ'ವನ್ನು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿಯೇ ಜಗತ್ತಿನ ಮುಂದಿಟ್ಟಿದ್ದರು. ನಮ್ಮ ಯೋಜನಾಕಾರರು ಆ ನಿಯಮವನ್ನು ಮುರಿಯಲು ಲೆಕ್ಕ ಮಾಡುತ್ತಿಲ್ಲ, ಅದನ್ನು ಪಾಲಿಸಲು ಲೆಕ್ಕ ಮಾಡುತ್ತಿದ್ದಾರೆ.

ಇದು ಗಣಿತದ ವಿರುದ್ಧದ ಮಾತಲ್ಲ. ಕೃಷಿ ವಿಜ್ಞಾನದಲ್ಲಿ ಬದುಕು ಕಟ್ಟಿಕೊಂಡ ಯಾರೂ ಸಂಖ್ಯಾಶಾಸ್ತ್ರವನ್ನು ಹೀಗಳೆಯಲಾರರು. 1895ರಲ್ಲಿ ಕಾಲರಾ ತಡೆಯಲು ಬೆಂಗಳೂರಿಗೆ ನಿಯೋಜಿತನಾಗಿದ್ದ ರೊನಾಲ್ಡ್ ರಾಸ್, ಮುಂದೆ ಮಲೇರಿಯಾ ಹಬ್ಬುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟು, ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗ ತಾನಾಗಿ ಕ್ಷೀಣಿಸುತ್ತದೆ ಎಂದು ತೋರಿಸಿದ. ಅದು ಸೋತು ಕೂತವರಿಗೆ ಧೈರ್ಯ ಕೊಟ್ಟ ಗಣಿತ.

ಇನ್ನೂ ಹತ್ತಿರದ ಉದಾಹರಣೆ ನಮ್ಮಲ್ಲಿಯೇ ಇದೆ. 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸುತ್ತ ನಡೆದ ಕೆಲಸದಿಂದ, ಹಾನ್ಸ್ ವಾಲರ್ ಎಂಬ ನಾರ್ವೆಯ ಸಂಖ್ಯಾಶಾಸ್ತ್ರಜ್ಞ ಮತ್ತು ಸಹೋದ್ಯೋಗಿಗಳು 1962ರಲ್ಲಿ ಕ್ಷಯರೋಗದ ಮೊದಮೊದಲ ಗಣಿತ ಮಾದರಿಯನ್ನು ಪ್ರಕಟಿಸಿದರು. ಅದೇ ಸಂಸ್ಥೆಯ, ಸಮಾಜವನ್ನು ಓದಬಲ್ಲ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ರೋಗಿಗಳನ್ನೇ ಮಾತನಾಡಿಸಿದರು. ಹಳ್ಳಿಗರಿಗೆ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ಪಂಡಿತರ ನಂಬಿಕೆಯಾಗಿತ್ತು. 1963ರಲ್ಲಿ ಹೊರಬಂದ ಅವರ ಅಧ್ಯಯನ ಹೇಳಿದ್ದೇ ಬೇರೆ: ಬಹುಪಾಲು ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತು, ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯನ್ನು ಅರಸಿ ಹೋಗಿಯೂ ಇದ್ದರು. ಕೊರತೆ ಇದ್ದದ್ದು ಜನರ ಅರಿವಿನಲ್ಲಲ್ಲ, ಅವರನ್ನು ಗುರುತಿಸಲಾರದ ವ್ಯವಸ್ಥೆಯಲ್ಲಿ. ಕ್ಷಯರೋಗದ ಚಿಕಿತ್ಸೆ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿಯೇ ಸಿಗಬೇಕು ಎಂಬ ನೀತಿಗೆ ಆ ಅಧ್ಯಯನ ಬಲ ನೀಡಿತು. ಮಾದರಿಯ ಜೊತೆಗೆ ಮನೆಬಾಗಿಲಿನ ಮಾತೂ ಸೇರಿದಾಗ ಲೆಕ್ಕ ಹೀಗೆ ಜನಪರವಾಗುತ್ತದೆ. ಆ ಪರಂಪರೆಯ ನಾಡಿನಲ್ಲಿ ಇಂದು ನಡೆಯುತ್ತಿರುವುದೇನು?

ಒಂದು ಸರಳ ಲೆಕ್ಕ ಮಾಡೋಣ. ಬಯಲುಸೀಮೆಯಲ್ಲಿ 30,000 ಜನರಿಗೆ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ದೇಶದ ಮಾನದಂಡ. ನಗರಗಳಲ್ಲಿ 50,000 ಜನರಿಗೆ ಒಂದು. ಮೇಲ್ನೋಟಕ್ಕೆ ಗುಡ್ಡಗಾಡಿಗೆ ರಿಯಾಯಿತಿಯೇ ಸಿಕ್ಕಿದೆ. ಆದರೆ 2011ರ ಜನಗಣತಿಯ ಪ್ರಕಾರ ಬೆಂಗಳೂರು ನಗರ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ 4,381 ಜನ, ಉತ್ತರ ಕನ್ನಡದಲ್ಲಿ 140 ಜನ. ನಗರದ ಆ 50,000 ಮಂದಿ ಸುಮಾರು 11 ಚದರ ಕಿ.ಮೀ. ಒಳಗಿದ್ದಾರೆ, ಕೇಂದ್ರ ನಡುವಿನಲ್ಲಿದ್ದರೆ ಅಂಚಿನ ಮನೆಗೆ ಎರಡು ಕಿ.ಮೀ. ದೂರವೂ ಇಲ್ಲ. ಉತ್ತರ ಕನ್ನಡದ 20,000 ಮಂದಿ ಹರಡಿಕೊಂಡಿರುವುದು ಸುಮಾರು 143 ಚದರ ಕಿ.ಮೀ.ಯಲ್ಲಿ, ಅಂಚಿನ ಮನೆ ಆರೂಮುಕ್ಕಾಲು ಕಿ.ಮೀ. ಆಚೆ. ಅದೂ ಕಾಗೆ ಹಾರುವ ದಾರಿಯಲ್ಲಿ! ನಮ್ಮ ರೋಗಿಗಳು ಕಾಗೆಗಳಲ್ಲ. ಹಳ್ಳ ಸುತ್ತಿ, ಘಟ್ಟ ಇಳಿದು, ಸಂಕ ದಾಟಿ ಹೋಗಬೇಕಾದವರು. ಆಷಾಢದ ಮಳೆಯಲ್ಲಿ ಆ ಸಂಕವೇ ಕೊಚ್ಚಿಹೋದರೆ ದೂರವನ್ನು ಯಾವ ಅಳತೆಗೋಲಿನಿಂದ ಅಳೆಯುತ್ತೀರಿ?

ಜಿಲ್ಲೆಯ ಸರಾಸರಿಯೂ ಒಂದು ಮೋಸವೇ. ಕರಾವಳಿಯ ಪಟ್ಟಿಯಲ್ಲಿ ಜನ ಒತ್ತಾಗಿದ್ದಾರೆ, ಘಟ್ಟದ ಮೇಲೆ ಚದುರಿಹೋಗಿದ್ದಾರೆ. ಗುಡ್ಡದ ನೆತ್ತಿಯ ಮಣ್ಣನ್ನೂ ಗದ್ದೆಯ ಮಣ್ಣನ್ನೂ ಒಂದೇ ಚೀಲದಲ್ಲಿ ಬೆರೆಸಿ ಪರೀಕ್ಷೆಗೆ ಕಳುಹಿಸಿದರೆ ಬರುವ ಫಲಿತಾಂಶ ಯಾವ ಹೊಲಕ್ಕೂ ಸಲ್ಲುವುದಿಲ್ಲ ಎಂದು ರೈತರಿಗೆ ನಾವು ಪಾಠ ಹೇಳುತ್ತೇವೆ. ಮನುಷ್ಯರ ವಿಷಯದಲ್ಲಿ ಈ ಪಾಠ ಯಾರಿಗೂ ನೆನಪಾಗುವುದಿಲ್ಲ.

ಇದರ ಬೆಲೆ ಕಾಗದದ ಮೇಲಿನದಲ್ಲ. 2022ರ ಜುಲೈ ತಿಂಗಳಲ್ಲಿ ಹೊನ್ನಾವರದಿಂದ ಉಡುಪಿಯತ್ತ ರೋಗಿಯನ್ನು ಹೊತ್ತು ಓಡುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಸತ್ತರು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದ್ದರೂ, ಗಂಭೀರ ರೋಗಿಗಳನ್ನು ಜಿಲ್ಲೆಯ ಗಡಿ ದಾಟಿಸಬೇಕಾದ ಅನಿವಾರ್ಯತೆಯನ್ನು ಆ ಸಾವುಗಳು ನಾಡಿನ ಮುಂದೆ ಬಿಚ್ಚಿಟ್ಟವು. ಸುಸಜ್ಜಿತ ಆಸ್ಪತ್ರೆಗಾಗಿ ಜನ ಬೀದಿಗಿಳಿದರು. ಅಂಥ ಸಾವುಗಳು ಲೆಕ್ಕದಲ್ಲಿ ಯಾವ ಶೀರ್ಷಿಕೆಯ ಕೆಳಗೆ ಬರುತ್ತವೆ? ರಸ್ತೆ ಅಪಘಾತ! ಆಸ್ಪತ್ರೆಯ ಕೊರತೆಯಿಂದ ಸತ್ತವರು ಎಂಬ ಅಂಕಣವೇ ನಮ್ಮ ಕೋಷ್ಟಕಗಳಲ್ಲಿ ಇಲ್ಲ.

ಮಂಗನ ಕಾಯಿಲೆಯ ಕಥೆಯೂ ಇದಕ್ಕಿಂತ ಭಿನ್ನವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರ ಪ್ರಾಣ ತೆಗೆಯಿತು. ಸೋಂಕು ಕಂಡ ಜಾಗದ ಸುತ್ತ ಐದು ಕಿ.ಮೀ. ವೃತ್ತ ಎಳೆದು ಲಸಿಕೆ ಹಾಕುವ ಪದ್ಧತಿ ವರ್ಷಗಟ್ಟಲೆ ನಡೆಯಿತು. ಆ ಲಸಿಕೆಯೇ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಉಣುಗು ವೃತ್ತವನ್ನು ನೋಡಿ ಹರಿದಾಡುವುದಿಲ್ಲ. ಸೊಪ್ಪಿನಬೆಟ್ಟಕ್ಕೆ ದರಗು ತರಲು ಹೋಗುವ ಹೆಂಗಸು, ಕಾಡಂಚಿನಲ್ಲಿ ಮೇಯುವ ದನ, ತುಂಡುತುಂಡಾದ ಕಾಡು, ನೆಡುತೋಪು, ಗದ್ದೆ, ಇವು ಸೇರುವಲ್ಲಿ ಅಪಾಯವಿದೆ. ಆರೋಗ್ಯ, ಅರಣ್ಯ, ಪಶುವೈದ್ಯ ಇಲಾಖೆಗಳವರ ಸ್ಥಳೀಯ ತಿಳಿವಳಿಕೆಯನ್ನು ಸೇರಿಸಿಕೊಂಡು ಕಟ್ಟಿ, 2020ರಲ್ಲಿ ಪ್ರಕಟವಾದ ಒಂದು ಭೌಗೋಳಿಕ ಮಾದರಿ ಹೇಳಿದ್ದೂ ಇದನ್ನೇ. ಒಳ್ಳೆಯ ಮಾದರಿ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

'ಹಣ ಸೀಮಿತ, ಹೆಚ್ಚು ಜನರಿಗೆ ಪ್ರಯೋಜನವಾಗುವಲ್ಲಿ ಹಾಕುವುದೇ ವಿವೇಕ' ಎಂಬ ಉತ್ತರ ಬರುತ್ತದೆಂದು ಬಲ್ಲೆವು. ಇಲ್ಲಿಯೇ ಗಣಿತದ ಮುಸುಕನ್ನು ಸರಿಸಬೇಕು. ಸೌಲಭ್ಯವನ್ನು ಎಲ್ಲಿ ಇಡಬೇಕೆಂಬ ಸಮಸ್ಯೆಗೆ 1964ರಲ್ಲಿ ಎಸ್. ಎಲ್. ಹಕಿಮಿ ಎರಡು ಬಗೆಯ ಪ್ರಶ್ನೆಗಳನ್ನು ಇಟ್ಟುಕೊಂಡು ದಾರಿ ತೋರಿದರು. ಒಂದು, ಎಲ್ಲರೂ ಕ್ರಮಿಸುವ ಒಟ್ಟು ದೂರ ಕನಿಷ್ಠವಾಗುವ ಜಾಗ ಯಾವುದು? ಇನ್ನೊಂದು, ಅತ್ಯಂತ ದೂರದಲ್ಲಿರುವವನ ದೂರ ಕನಿಷ್ಠವಾಗುವ ಜಾಗ ಯಾವುದು? ಮೊದಲ ಪ್ರಶ್ನೆ ಕೇಳಿದರೆ ಆಸ್ಪತ್ರೆ ಪೇಟೆಯತ್ತ ಸರಿಯುತ್ತದೆ, ಎರಡನೆಯದನ್ನು ಕೇಳಿದರೆ ಕಾಡಂಚಿನತ್ತ. ಎರಡೂ ಶುದ್ಧ ಗಣಿತವೇ. ಯಾವ ಪ್ರಶ್ನೆ ಕೇಳಬೇಕು ಎಂಬುದು ಮಾತ್ರ ಗಣಿತವಲ್ಲ, ಅದು ರಾಜಕಾರಣ, ಅದು ನೀತಿ. ಆ ಆಯ್ಕೆಯನ್ನು ಮುಚ್ಚಿದ ಕೋಣೆಯಲ್ಲಿ ಮಾಡಿ, ಬಂದ ಉತ್ತರವನ್ನು 'ವೈಜ್ಞಾನಿಕ' ಎಂದು ನಮ್ಮ ಮುಂದೆ ಹಿಡಿಯುವುದು ವಿಜ್ಞಾನಕ್ಕೂ ಪ್ರಜಾಪ್ರಭುತ್ವಕ್ಕೂ ಬಗೆಯುವ ದ್ರೋಹ.

ಆದ್ದರಿಂದ ನಮ್ಮ ಒತ್ತಾಯಗಳು ಸ್ಪಷ್ಟ. ದೊಡ್ಡ ಸರ್ಕಾರಿ ಆಸ್ಪತ್ರೆಗಳಿಗೆ ಬರುವ ಪ್ರತಿ ರೋಗಿಯ ಹುಟ್ಟೂರಲ್ಲ, ವಾಸದ ಗ್ರಾಮ ಪಂಚಾಯಿತಿ ದಾಖಲಾಗಲಿ. ಆ ಅಂಕಿ ಕಳುಹಿಸಿದ ಜಿಲ್ಲೆಯ ಕೊರತೆಯ ಖಾತೆಗೆ ಸೇರಲಿ. ಜನಸಂಖ್ಯೆಯ ಬದಲು ತಲುಪಲು ಹಿಡಿಯುವ ಸಮಯ, ಅದರಲ್ಲಿಯೂ ಮಳೆಗಾಲದ ಸಮಯ, ಮಾನದಂಡವಾಗಲಿ. ಆಸ್ಪತ್ರೆಗೆ ಬಾರದೆ ಉಳಿದವರನ್ನು ಹುಡುಕಿ ಎಣಿಸುವ ತುಮಕೂರು ಮಾದರಿಯ ಸಮೀಕ್ಷೆ ಮಲೆನಾಡಿನಲ್ಲಿ ನಡೆಯಲಿ. ಯಾವುದೇ ಮಾದರಿಯ ಹಿಂದಿನ ಊಹೆಗಳು ಕನ್ನಡದಲ್ಲಿ ಪ್ರಕಟವಾಗಿ ಗ್ರಾಮಸಭೆಯ ಮುಂದೆ ಬರಲಿ.

ಸರ್ಕಾರ ಎಣಿಸುವವರೆಗೆ ಕಾಯಬೇಕಾಗಿಲ್ಲ. ಪ್ರತಿ ಊರಿನಲ್ಲಿ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯೊಂದು ಕಾಗದದ ಮೇಲಾದರೂ ಇದೆ. ಅದನ್ನು ಎಬ್ಬಿಸಿ. ಈ ಮಳೆಗಾಲದಲ್ಲಿ ನಿಮ್ಮ ಊರಿನ ಕೊನೆಯ ಮನೆಯಿಂದ ವೈದ್ಯರಿರುವ ಹತ್ತಿರದ ಜಾಗಕ್ಕೆ ಎಷ್ಟು ಹೊತ್ತು ಹಿಡಿಯಿತು, ದಾರಿಯಿಂದಲೇ ಹಿಂದಿರುಗಿದವರೆಷ್ಟು, ಹೊರಡಲೇ ಆಗದವರೆಷ್ಟು ಎಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಸಹಿತ ಬರೆದಿಡಿ. ಕಲಾಸಿಪಾಳ್ಯದವರೆಗೆ ಬರಲಾರದೆ ಹೋದವರ ಲೆಕ್ಕವನ್ನು ಬೇರೆ ಯಾರೂ ಇಡುವುದಿಲ್ಲ.