ಓಡಿಸುವ ವಿದ್ಯೆ, ನಿಲ್ಲಿಸುವ ವಿದ್ಯೆ



ನಮ್ಮ ಸೀಮೆಯ ಹೆದ್ದಾರಿಯು ಹೊಸೂರಿನಿಂದ ಹೊರಟು, ಶೂಲಗಿರಿಯನ್ನು ಹಾದು, ಕೃಷ್ಣಗಿರಿಯನ್ನು ಮುಟ್ಟಿದೊಡನೆ ಎರಡಾಗಿ ಕವಲೊಡೆಯುತ್ತದೆ. ಎಡಕ್ಕೆ ಹೊರಳಿದ ದಾರಿಯು ವಾಣಿಯಂಬಾಡಿ, ಆಂಬೂರು, ವೇಲೂರುಗಳ ಮೂಲಕ ಚೆನ್ನೈಗೆ ಸಾಗುತ್ತದೆ. ಆ ದಾರಿಯಲ್ಲಿ ಶ್ರೀಪೆರುಂಬುದೂರಿನ ಬಳಿ ಇರುಂಗಾಟ್ಟುಕೋಟೆ ಎಂಬಲ್ಲಿ ಮೋಟಾರು ಓಟದ ಪಥವೊಂದಿದೆ. 1990ರಲ್ಲಿ ಬಳಕೆಗೆ ಬಂದ ಈ ಪಥದ ಒಂದು ಸುತ್ತು ಸುಮಾರು 3.7 ಕಿಲೋಮೀಟರು. ಕೃಷ್ಣಗಿರಿಯಿಂದ ನೇರವಾಗಿ ಮುಂದುವರಿಯುವ ಇನ್ನೊಂದು ದಾರಿಯು ಧರ್ಮಪುರಿಯನ್ನು ದಾಟಿ, ತೊಪ್ಪೂರು ಘಟ್ಟವನ್ನಿಳಿದು ಸೇಲಮ್ಮನ್ನು ಸೇರುತ್ತದೆ. ಒಂದು ಕವಲು ವೇಗದ ಆಟಕ್ಕೆ ಹೋಗುತ್ತದೆ, ಇನ್ನೊಂದು ಬದುಕಿನ ವ್ಯವಹಾರಕ್ಕೆ. ಎರಡರಲ್ಲೂ ವಾಹನಕ್ಕೆ ಬ್ರೇಕು ಬೇಕು. ಆದರೆ ಒಂದಕ್ಕೆ ಒಪ್ಪುವ ಬ್ರೇಕು ಮತ್ತೊಂದಕ್ಕೆ ಒಪ್ಪುವುದೆಂದು ತಿಳಿಯಲಾಗದು. ಈ ತಿಂಗಳು ನಾವು ಬರೆಯಹೊರಟಿರುವುದು ಈ ವಿಷಯವನ್ನೇ.

ಇದಕ್ಕೆ ಕಾರಣ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಪತ್ರ. ಆತ ಈಗ ಹೊಸೂರಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾನೆ. ಉಳಿತಾಯದ ಹಣದಲ್ಲಿ ಹಳೆಯದೊಂದು ಚಿಕ್ಕ ಕಾರನ್ನು ಕೊಂಡು, ಎಂಜಿನ್ನಿಗೆ ಒಂದಿಷ್ಟು ಚುರುಕು ಕೊಡಿಸಿದ್ದಾನೆ. "ಮೇಷ್ಟ್ರೇ, ವರ್ಷಕ್ಕೆ ಎರಡು ಮೂರು ಬಾರಿಯಾದರೂ ಇದನ್ನು ಓಟದ ಪಥದಲ್ಲಿ ಓಡಿಸಬೇಕೆಂಬ ಆಸೆ. ಅದಕ್ಕಾಗಿ ದೊಡ್ಡ ಡಿಸ್ಕು, ದೊಡ್ಡ ಕ್ಯಾಲಿಪರು, ರೇಸಿನ ಪ್ಯಾಡು ಹಾಕಿಸಲೇ? ಮೂರು ತಿಂಗಳ ಸಂಬಳ ಬೇಕಾಗುತ್ತದೆ. ನಮಗೆ ವಿಜ್ಞಾನ ಹೇಳಿಕೊಟ್ಟವರು ನೀವು, ನೀವೇ ಹೇಳಿ" ಎಂದು ಕೇಳಿದ್ದಾನೆ. ಅಮ್ಮನನ್ನು ಚಿಕಿತ್ಸೆಗೆಂದು ತಿಂಗಳಿಗೊಮ್ಮೆ ಸೇಲಮ್ಮಿಗೆ ಕರೆದೊಯ್ಯುವುದೂ ಇದೇ ಕಾರಿನಲ್ಲಿ ಎಂಬ ಮಾತು ಪತ್ರದ ಕೊನೆಯಲ್ಲಿತ್ತು. ನಮ್ಮ ಮನಸ್ಸು ನಿಂತದ್ದು ಆ ಕೊನೆಯ ಮಾತಿನಲ್ಲಿ.

ಇಂತಹ ಆಸೆಯನ್ನು ಹುಡುಗಾಟವೆಂದು ತಳ್ಳಿಹಾಕಲು ನಾವು ಸಿದ್ಧರಿಲ್ಲ. 1980ರಲ್ಲಿ ಟಿವಿಎಸ್ 50 ಮೊಪೆಡ್ಡು ಹೊರಬಂದದ್ದು ಹೊಸೂರಿನ ಕಾರ್ಖಾನೆಯಿಂದ. 2011ರಲ್ಲಿ ಗಾಲಿ ಬಿಗಿದುಕೊಳ್ಳದಂತೆ ತಡೆಯುವ ಎಬಿಎಸ್ ಎಂಬ ಏರ್ಪಾಡನ್ನು ಹೊತ್ತ ಅಪಾಚೆ ಬಂದಿತು. 2017ರ ಡಿಸೆಂಬರಿನಲ್ಲಿ ಓಟದ ಪಥದ ಅನುಭವವನ್ನು ಮೈಗೂಡಿಸಿಕೊಂಡ ಆರ್‌ಆರ್ 310 ಮೋಟಾರು ಸೈಕಲ್ಲೂ ಇದೇ ಕಂಪನಿಯಿಂದ ಬಂದಿತು. ಪಥದಲ್ಲಿ ಕಲಿತ ಪಾಠವು ರಸ್ತೆಯ ಜನಕ್ಕೆ ಉಪಕಾರವಾಗುವುದುಂಟು ಎಂಬುದಕ್ಕೆ ನಮ್ಮ ಊರಿನ ಯಂತ್ರಗಳೇ ಸಾಕ್ಷಿ. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್ ಓಟವನ್ನು ಜಾಗ್ವಾರ್ ಕಾರು ಗೆದ್ದದ್ದು ಡಿಸ್ಕು ಬ್ರೇಕಿನ ಬಲದಿಂದ. ಅದೇ ಡಿಸ್ಕು ಇಂದು ನಮ್ಮ ಹಳ್ಳಿಯ ಹಾಲಿನವರ ಬೈಕಿನಲ್ಲಿಯೂ ಇದೆ. ಆದ್ದರಿಂದ ವಿದ್ಯಾರ್ಥಿಯ ಪ್ರಶ್ನೆಗೆ ಗೌರವದಿಂದಲೇ ಉತ್ತರಿಸಬೇಕು.

ಮೊದಲಿಗೆ, ಬ್ರೇಕು ಮಾಡುವ ಕೆಲಸವೇನು? ಓಡುವ ವಾಹನದಲ್ಲಿರುವ ಚಲನೆಯ ಶಕ್ತಿಯನ್ನು ಅದು ಶಾಖವಾಗಿ ಮಾರ್ಪಡಿಸುತ್ತದೆ, ಅಷ್ಟೆ. ಒಂಬೈನೂರು ಕಿಲೋ ತೂಕದ ಕಾರು ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಬರುತ್ತಿದೆಯೆನ್ನಿ. ಅದನ್ನು ಒಮ್ಮೆ ನಿಲ್ಲಿಸುವಾಗ ಹುಟ್ಟುವ ಶಾಖವು ಒಂದು ಲೀಟರು ತಣ್ಣೀರನ್ನು ಕುದಿಯುವಷ್ಟು ಕಾಯಿಸಬಲ್ಲದು. ವೇಗ 50ಕ್ಕೆ ಇಳಿದರೆ ಶಾಖವು ಅರ್ಧವಾಗುವುದಿಲ್ಲ, ಕಾಲು ಪಾಲಾಗುತ್ತದೆ. ಹಾಗೆಯೇ ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಊರೊಳಗೆ ಓಡಾಡುವಾಗ ಈ ಶಾಖವು ಗಾಳಿಗೆ ಸೇರಿಹೋಗಲು ಬಿಡುವು ದೊರೆಯುತ್ತದೆ. ಪಥದಲ್ಲಾದರೋ ಪ್ರತಿ ಸುತ್ತಿನಲ್ಲಿಯೂ ಹಲವು ತಿರುವುಗಳು. ಮೊದಲ ತಿರುವಿನ ಕಾವು ಆರುವ ಮುನ್ನವೇ ಎರಡನೆಯದು ಬಂದಿರುತ್ತದೆ. ಒಲೆಯನ್ನು ಆರಲು ಬಿಡದೆ ಸೌದೆ ಒಟ್ಟುತ್ತಲೇ ಇದ್ದಂತೆ.

ಹೀಗೆ ಕಾವೇರಿದಾಗ ಎರಡು ಬಗೆಯ ಕೇಡು ಒದಗುತ್ತದೆ. ಪ್ಯಾಡಿನ ವಸ್ತುವು ತನ್ನ ಮಿತಿಯನ್ನು ಮೀರಿ ಕಾದಾಗ ಹಿಡಿತವನ್ನು ಬಿಟ್ಟುಕೊಡುತ್ತದೆ. ಆಗ ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ಮಾತ್ರ ನಿಲ್ಲುವುದಿಲ್ಲ. ಇನ್ನೊಂದು ಕೇಡು ನಮ್ಮ ಮೆಕ್ಯಾನಿಕ್ಕುಗಳು ಬ್ರೇಕ್ ಆಯಿಲ್ ಎಂದು ಕರೆಯುವ ದ್ರವದ್ದು. ಅದು ಕುದಿದು ಕೊಳವೆಯಲ್ಲಿ ಆವಿಯ ಗುಳ್ಳೆಗಳು ಹುಟ್ಟಿದರೆ, ತುಳಿದ ಪೆಡಲು ಹತ್ತಿಯ ಮೂಟೆಯಂತೆ ಕೆಳಗಿಳಿದುಬಿಡುತ್ತದೆ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವಿದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವವು ಕನಿಷ್ಠಪಕ್ಷ 230 ಡಿಗ್ರಿ ಸೆಲ್ಷಿಯಸ್ಸಿನವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಮೇಲೆ ಆ ಮಿತಿಯು 155ಕ್ಕೆ ಇಳಿಯುತ್ತದೆ. ಆದಕಾರಣವೇ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕೆಂದು ಹೇಳುವುದು. ಪಥಕ್ಕೆ ಇಳಿಯುವವರು ಹೊರಡುವ ಮುನ್ನವೇ ಬದಲಿಸುವುದು ಲೇಸು. ಇದಕ್ಕೆ ತಗಲುವ ವೆಚ್ಚ ಕೆಲವು ನೂರು ರೂಪಾಯಿ ಮಾತ್ರ.

ಇನ್ನು ದೊಡ್ಡ ಡಿಸ್ಕಿನ ಮಾತು. ದೊಡ್ಡ ಡಿಸ್ಕಿನಿಂದ ಕಾರು ಬೇಗ ನಿಲ್ಲುತ್ತದೆಂದು ಹಲವರು ನಂಬಿದ್ದಾರೆ. ಆದರೆ ಕೊನೆಗೆ ಕಾರನ್ನು ನಿಲ್ಲಿಸುವುದು ಟೈರು ಮತ್ತು ನೆಲದ ನಡುವಣ ಹಿಡಿತ. ಈಗಿರುವ ಬ್ರೇಕು ಗಾಲಿಯನ್ನು ಬಿಗಿಹಿಡಿದು ನಿಲ್ಲಿಸುವಷ್ಟು ಅಥವಾ ಎಬಿಎಸ್ಸನ್ನು ಎಚ್ಚರಿಸುವಷ್ಟು ಬಲವುಳ್ಳದ್ದಾದರೆ, ಇನ್ನೂ ದೊಡ್ಡ ಬ್ರೇಕಿನಿಂದ ನಿಲ್ಲುವ ದೂರವು ಒಂದು ಗೇಣೂ ಕಡಿಮೆಯಾಗದು. ದೊಡ್ಡ ಡಿಸ್ಕಿನ ನಿಜವಾದ ಪ್ರಯೋಜನವಿರುವುದು ಹೆಚ್ಚು ಶಾಖವನ್ನು ತಾಳಿಕೊಳ್ಳುವುದರಲ್ಲಿ. ಹತ್ತನೆಯ ಸುತ್ತಿನಲ್ಲಿಯೂ ಮೊದಲ ಸುತ್ತಿನಂತೆ ನಿಲ್ಲಿಸುವುದರಲ್ಲಿ. ಸವೆದ ಟೈರಿಗೆ ದೊಡ್ಡ ಬ್ರೇಕನ್ನು ಜೋಡಿಸುವುದು, ಬುಡ ಸಡಿಲವಾದ ಗೂಟಕ್ಕೆ ಹೊಸ ಹಗ್ಗ ಕಟ್ಟಿದಂತೆಯೇ ಸರಿ.

ಚಿಕ್ಕ ಕಾರಿಗೆ ಬ್ರೇಕನ್ನು ಉತ್ತಮಪಡಿಸಿದ ಪ್ರಸಿದ್ಧ ಉದಾಹರಣೆ ಇಂಗ್ಲೆಂಡಿನ ಮಿನಿ. ಅಲೆಕ್ ಇಸಿಗೋನಿಸ್ ರೂಪಿಸಿದ ಆ ಕಾರು 1959ರಲ್ಲಿ ಬಂದಾಗ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕೇ ಇದ್ದಿತು. 1961ರಲ್ಲಿ ಎಂಜಿನ್ನಿನ ಬಲವನ್ನು ಹೆಚ್ಚಿಸಿ ಮಿನಿ ಕೂಪರ್ ಎಂದು ಹೊರತಂದಾಗ, ಮುಂದಿನ ಗಾಲಿಗಳಿಗೆ ಏಳು ಅಂಗುಲದ ಡಿಸ್ಕನ್ನು ಕೊಟ್ಟರು. ಗಾಲಿಯ ಅಳತೆಯೇ ಹತ್ತು ಅಂಗುಲ. ಅದರೊಳಗೆ ಹಿಡಿಸುವುದೇ ಅಷ್ಟು. 1963ರ ಕೂಪರ್ ಎಸ್ ಕಾರಿಗೆ ಡಿಸ್ಕು ಏಳೂವರೆ ಅಂಗುಲವಾಯಿತು, ಪೆಡಲಿನ ಬಲಕ್ಕೆ ನೆರವಾಗುವ ಸರ್ವೋ ಸಹ ಜೊತೆಗೂಡಿತು. 1964ರಲ್ಲಿ ಆ ಪುಟ್ಟ ಕಾರು ಮಾಂಟೆ ಕಾರ್ಲೋ ರ್‍ಯಾಲಿಯನ್ನು ಗೆದ್ದಿತು. ಇಲ್ಲಿ ನಾವು ಕಲಿಯಬೇಕಾದ ನೀತಿಯೆಂದರೆ, ಅವರು ಎಂಜಿನ್ನು ಮತ್ತು ಬ್ರೇಕನ್ನು ಜೊತೆಜೊತೆಯಾಗಿ ಬೆಳೆಸಿದರು. ಹಾಗೆಯೇ ಒಂದು ಬಿಡಿಭಾಗವನ್ನು ಬದಲಿಸಿದಾಗ ಅದಕ್ಕೆ ಸಂಬಂಧಿಸಿದ ಉಳಿದವುಗಳನ್ನೂ ಅಳೆದು ತೂಗಿ ಹೊಂದಿಸಿದರು.

ಈ ಹೊಂದಾಣಿಕೆಯನ್ನು ಮರೆತರೆ ಅಪಾಯ ತಪ್ಪದು. ಬ್ರೇಕು ಹಾಕಿದಾಗ ಕಾರಿನ ಭಾರವು ಮುಂದಕ್ಕೆ ವಾಲುವುದರಿಂದ ಮುಂದಿನ ಗಾಲಿಗಳ ಹೊಣೆ ಹೆಚ್ಚು, ಹಿಂದಿನವುಗಳದ್ದು ಕಡಿಮೆ. ತಯಾರಕರು ಈ ಹಂಚಿಕೆಯನ್ನು ಲೆಕ್ಕ ಹಾಕಿಯೇ ನಿಗದಿಪಡಿಸಿರುತ್ತಾರೆ. ಮುಂದಿನದನ್ನು ಮಾತ್ರ ಬಲಪಡಿಸಿದರೆ ಹಿಂದಿನ ಬ್ರೇಕು ತನ್ನ ಪಾಲಿನ ಕೆಲಸವನ್ನು ಮಾಡದೆ ಉಳಿಯುತ್ತದೆ. ಹಿಂದಿನದನ್ನು ಅತಿಯಾಗಿ ಬಲಪಡಿಸಿದರೆ ಹಿಂಗಾಲಿಗಳು ಮೊದಲು ಬಿಗಿದುಕೊಂಡು, ಕಾರು ಬುಗುರಿಯಂತೆ ತಿರುಗಿಬಿಡುತ್ತದೆ. ದೊಡ್ಡ ಕ್ಯಾಲಿಪರಿಗೆ ಹೆಚ್ಚು ದ್ರವ ಬೇಕು. ಅದನ್ನು ತಳ್ಳುವ ಮಾಸ್ಟರ್ ಸಿಲಿಂಡರು ಹಳೆಯದೇ ಆದರೆ ಪೆಡಲು ಬಹಳ ಕೆಳಗಿಳಿಯುತ್ತದೆ. ಎಬಿಎಸ್ ಇರುವ ಕಾರುಗಳಲ್ಲಿ ಅದರ ಲೆಕ್ಕಾಚಾರವೂ ಹಳೆಯ ಬ್ರೇಕಿಗೆ ತಕ್ಕಂತೆಯೇ ಇರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಪ್ಯಾಡಿನ ಆಯ್ಕೆ. ರೇಸಿನ ಪ್ಯಾಡು ಬಿಸಿಯಾದ ಮೇಲೆಯೇ ಚೆನ್ನಾಗಿ ಹಿಡಿಯುವ ಜಾತಿಯದು. ಪಥದಲ್ಲಿ ಅದು ವರ. ಮಾರ್ಗಶಿರದ ಬೆಳಗಿನ ಚಳಿಯಲ್ಲಿ ದೇಂಕಣಿಕೋಟೆಯ ಮನೆಯಿಂದ ಹೊರಟು, ಮೊದಲ ತಿರುವಿನಲ್ಲಿಯೇ ಎಮ್ಮೆಯೊಂದು ಅಡ್ಡ ಬಂದಾಗ, ಆ ತಣ್ಣನೆಯ ಪ್ಯಾಡು ನಾಚಿಕೊಂಡು ಹಿಂದೆ ಸರಿಯುತ್ತದೆ. ಕಿರುಚುವುದು, ಡಿಸ್ಕನ್ನು ಬೇಗ ಸವೆಸುವುದು ಬೇರೆ. ನಮ್ಮ ಕೃಷ್ಣಗಿರಿ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬದ ದಿನ ಓಟಕ್ಕೆ ಬಿಡುವ ಹೋರಿಯನ್ನು ಮರುದಿನ ಯಾರೂ ನೊಗಕ್ಕೆ ಹೂಡುವುದಿಲ್ಲ. ಅದರ ತಾಲೀಮೇ ಬೇರೆ, ಉಳುವ ಎತ್ತಿನ ತಾಲೀಮೇ ಬೇರೆ.

ಹಾಗಿದ್ದರೆ ತೊಪ್ಪೂರು ಘಟ್ಟಕ್ಕೆ ಯಾವ ಬ್ರೇಕು ಬೇಕು? 2020ರ ಡಿಸೆಂಬರಿನಲ್ಲಿ ಆ ಇಳಿಜಾರಿನಲ್ಲಿ ಹತೋಟಿ ತಪ್ಪಿದ ಲಾರಿಯೊಂದು ಹಲವು ವಾಹನಗಳಿಗೆ ಬಡಿದು ಸಾವುಗಳಾದವು. 2024ರ ಜನವರಿಯಲ್ಲಿಯೂ ಅಲ್ಲಿಯೇ ಅಂತಹ ದುರಂತ ನಡೆಯಿತು. ಡೀಸೆಲು ಉಳಿಸಲೆಂದು ಗೇರು ತೆಗೆದು ನ್ಯೂಟ್ರಲ್‌ನಲ್ಲಿ ಇಳಿಯುವ ಕೆಟ್ಟ ಚಾಳಿ ನಮ್ಮ ಹೆದ್ದಾರಿಗಳಲ್ಲಿದೆ. ಹಾಗೆ ಇಳಿಸಿದಾಗ ಎಂಜಿನ್ನಿನ ತಡೆ ಇಲ್ಲವಾಗಿ, ಇಡೀ ಘಟ್ಟದ ಶಾಖವು ಬ್ರೇಕಿನ ಮೇಲೆಯೇ ಬೀಳುತ್ತದೆ. ಇದಕ್ಕೆ ಮದ್ದು ಅಂಗಡಿಯಲ್ಲಿ ದೊರೆಯುವುದಿಲ್ಲ. ಏರುವಾಗ ಯಾವ ಗೇರು ಬೇಕಾಗುತ್ತದೆಯೋ ಇಳಿಯುವಾಗಲೂ ಅದೇ ಗೇರು ಎಂಬ ಹಿರಿಯ ಡ್ರೈವರುಗಳ ಮಾತೇ ಮದ್ದು. ಪೆಡಲನ್ನು ಒತ್ತಿಯೇ ಹಿಡಿಯದೆ, ಒಮ್ಮೆ ದೃಢವಾಗಿ ತುಳಿದು ವೇಗವನ್ನು ತಗ್ಗಿಸಿ, ಮತ್ತೆ ಬಿಟ್ಟು, ಬ್ರೇಕಿಗೆ ಉಸಿರಾಡಲು ಅವಕಾಶ ಕೊಡಬೇಕು. ಹಿಂದೆ ನಮ್ಮ ಗಾಡಿ ಹೊಡೆಯುವವರು ಇಳಿಜಾರು ಕಂಡೊಡನೆ, ಎತ್ತುಗಳ ಕೊರಳಿಗೆ ಭಾರ ಬೀಳುವ ಮುನ್ನವೇ, ಗಾಲಿಗೆ ಮರದ ತುಂಡನ್ನು ಬಿಗಿಯುತ್ತಿದ್ದರು. ಆ ಮುಂಜಾಗ್ರತೆಯೇ ಇದು.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು, ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ಅಳತೆಯ ಉತ್ತಮ ಪ್ಯಾಡು, ಹೊಸ ದ್ರವ, ಹೊಸ ಟೈರುಗಳನ್ನು ಹಾಕುವುದು ದುರಸ್ತಿ ಎನಿಸುತ್ತದೆ. ಬೇರೊಂದು ಕಾರಿನ ಡಿಸ್ಕು ಕ್ಯಾಲಿಪರುಗಳನ್ನು ತಂದು ಕೂಡಿಸಿ ರಸ್ತೆಯಲ್ಲಿ ಓಡಿಸಿದರೆ, ಅಪಘಾತದ ದಿನ ವಿಮೆಯವರ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾದೀತು.

ಆದಕಾರಣ ನಾವು ಆ ವಿದ್ಯಾರ್ಥಿಗೆ ಹೀಗೆ ಬರೆದೆವು: "ಅಪ್ಪಾ, ಮೂರು ತಿಂಗಳ ಸಂಬಳವನ್ನು ಸದ್ಯ ಹಾಗೆಯೇ ಇಡು. ಮೊದಲು ನಾಲ್ಕು ಒಳ್ಳೆಯ ಟೈರು ಹಾಕಿಸು. ಬ್ರೇಕ್ ಆಯಿಲನ್ನು ಪೂರ್ತಿ ಬದಲಿಸು. ರಬ್ಬರಿನ ಕೊಳವೆಗಳಲ್ಲಿ ಬಿರುಕಿದೆಯೇ, ಕ್ಯಾಲಿಪರಿನ ಪಿನ್ನುಗಳು ಸರಾಗವಾಗಿ ಜಾರುತ್ತವೆಯೇ, ಹಿಂದಿನ ಡ್ರಮ್ಮು ಸರಿಯಾಗಿ ಹಿಡಿಯುತ್ತದೆಯೇ ಎಂದು ಬಲ್ಲ ಮೆಕ್ಯಾನಿಕ್ಕಿನಿಂದ ನೋಡಿಸು. ಪಥದ ದಿನಕ್ಕೆಂದು ಅದೇ ಅಳತೆಯ, ಹೆಚ್ಚು ಕಾವು ತಾಳುವ ಪ್ಯಾಡಿನ ಜೊತೆಯೊಂದನ್ನು ಬೇರೆಯಾಗಿ ಇಟ್ಟುಕೋ. ಹೊಸ ಪ್ಯಾಡನ್ನು ಮೊದಲು ಮಿತವಾದ ವೇಗದಲ್ಲಿ ಹಲವು ಬಾರಿ ತುಳಿದು ಡಿಸ್ಕಿಗೆ ಹದಗೊಳಿಸು. ಪಥದಲ್ಲಿ ನಾಲ್ಕೈದು ಸುತ್ತು ಓಡಿಸಿದ ಮೇಲೆ ಒಂದು ಸುತ್ತು ಮೆಲ್ಲಗೆ ಬಂದು ತಣಿಸು. ನಿಲ್ಲಿಸಿದೊಡನೆ ಕೈ ಬ್ರೇಕು ಎಳೆಯಬೇಡ. ಗೇರಿನಲ್ಲಿ ಬಿಟ್ಟು ಗಾಲಿಗೆ ಕಲ್ಲು ಕೊಡು. ಮನೆಗೆ ಹೊರಡುವ ಮುನ್ನ ರಸ್ತೆಯ ಪ್ಯಾಡನ್ನು ಮರಳಿ ಹಾಕಿಸು. ಇಷ್ಟೆಲ್ಲ ಆದ ಮೇಲೂ ಪಥದಲ್ಲಿ ಬ್ರೇಕು ಸೋಲುತ್ತಿದ್ದರೆ, ದೊಡ್ಡ ಡಿಸ್ಕಿನ ಯೋಚನೆ ಮಾಡೋಣ. ಆದರೆ ಅದು ಪಥಕ್ಕಷ್ಟೇ ಮೀಸಲಾದ ಕಾರಿಗೆ, ಅಮ್ಮ ಕೂರುವ ಕಾರಿಗಲ್ಲ."

ಹೊಸೂರಿನ ಕಾರ್ಖಾನೆಗಳಿಗೆ ಪಾಳಿಯ ಕೆಲಸಕ್ಕೆ ಹೋಗುವ ನಮ್ಮ ತಳಿ, ಬಾಗಲೂರು, ಬೇರಿಗೆ, ಅಂಚೆಟ್ಟಿ ಕಡೆಯ ಮಕ್ಕಳು ನೂರಾರು. ವೇಗದ ಮೋಹ ವಯಸ್ಸಿನ ಧರ್ಮ. ಅದನ್ನು ಬೈದು ಪ್ರಯೋಜನವಿಲ್ಲ. ಆ ಮೋಹಕ್ಕೆ ಪಥವೆಂಬ ಜಾಗವಿದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಹೆಲ್ಮೆಟ್ಟು ತೊಡದೆ ಯಾರನ್ನೂ ಒಳಗೆ ಬಿಡುವುದಿಲ್ಲ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರು ವೇಗದಲ್ಲಿರುವವನಿಗೆ ಅಪಾಯ ಕಂಡು ಕಾಲು ಪೆಡಲಿಗೆ ಹೋಗುವ ಒಂದು ಸೆಕೆಂಡಿನಲ್ಲಿಯೇ 28 ಮೀಟರು ಕಳೆದುಹೋಗಿರುತ್ತದೆ. ಆ 28 ಮೀಟರನ್ನು ಉಳಿಸಿಕೊಡುವ ಬ್ರೇಕನ್ನು ಯಾವ ದೇಶದವರೂ ಮಾಡಿಲ್ಲ. ಮಗ ಹೊಸ ವಾಹನ ತಂದಾಗ ತಂದೆತಾಯಿಗಳು ಗಾಲಿಗೆ ನಿಂಬೆಹಣ್ಣು ಇಡಿಸುವುದು ಸಂಪ್ರದಾಯ, ಇಡಿಸಲಿ. ಅದರೊಡನೆ ಬ್ರೇಕ್ ಆಯಿಲ್ ಬದಲಿಸಿ ಎಷ್ಟು ದಿನವಾಯಿತೆಂದು ಒಂದು ಮಾತು ಕೇಳುವುದನ್ನೂ ಮನೆಯ ಸಂಪ್ರದಾಯವನ್ನಾಗಿ ಮಾಡಿಕೊಳ್ಳಲಿ ಎಂಬುದೇ ನಮ್ಮ ವಿನಂತಿ.