ಬೇಸಿಗೆ ತಿನ್ನುವ ತೂಕಕ್ಕೆ ಲೆಕ್ಕವೆಲ್ಲಿ?

ರಾಯಚೂರು ಜಿಲ್ಲೆ ಮರುಭೂಮಿಯಲ್ಲ. ಜೈಸಲ್ಮೇರಿನಲ್ಲಿ ವರ್ಷಕ್ಕೆ 200 ಮಿ.ಮೀ. ಆಸುಪಾಸು ಮಳೆಯಾದರೆ ನಮ್ಮಲ್ಲಿ ಅದರ ಸುಮಾರು ಮೂರು ಪಟ್ಟು ಬೀಳುತ್ತದೆ. ಆದರೆ ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ಸೀಮೆಯಲ್ಲಿ ಮಾರ್ಚ್‌ನಿಂದ ಮುಂಗಾರು ಬರುವವರೆಗಿನ ಒಣಹವೆಗೆ ಮರುಭೂಮಿಯ ಗುಣವೇ ಇದೆ. ಉಷ್ಣಾಂಶ 40 ಡಿಗ್ರಿ ದಾಟಿದಾಗ ಕಲ್ಮಲ, ಮಾನ್ವಿ, ದೇವದುರ್ಗದ ತಗಡು ಹೊದಿಸಿದ ಗೋದಾಮುಗಳು ಹೇಗಿರುತ್ತವೆಂಬುದನ್ನು ವರ್ತಕ ಬಾಂಧವರಿಗೆ ನಾನು ವಿವರಿಸಬೇಕಾಗಿಲ್ಲ. ಹಮಾಲರ ಕೆಲಸದ ವೇಳೆ, ವಿದ್ಯುತ್ ಬಿಲ್ಲು ಎಲ್ಲವನ್ನೂ ಬಿಸಿಲಿಗೆ ತಕ್ಕಂತೆ ಎಣಿಸುವ ನಾವು, ಅದೇ ಬಿಸಿಲು ದಾಸ್ತಾನಿನಿಂದ ಹೀರಿಕೊಳ್ಳುವ ತೂಕವನ್ನು ಮಾತ್ರ ಬರೆದಿಡುವುದಿಲ್ಲ.

ಒಂದು ಲೆಕ್ಕ ನೋಡೋಣ. ಶೇ. 17ರ ತೇವಾಂಶವಿರುವ ಭತ್ತವನ್ನು 75 ಕಿಲೋದ 1,000 ಚೀಲ, ಅಂದರೆ 750 ಕ್ವಿಂಟಲ್, ಖರೀದಿಸಿದ್ದೇವೆನ್ನಿ. ತೇವಾಂಶ ಶೇ. 12ಕ್ಕೆ ಇಳಿದಾಗ ಉಳಿಯುವುದು ಸುಮಾರು 707 ಕ್ವಿಂಟಲ್. ಒಂದು ಕಾಳೂ ಹೊರಗೆ ಹೋಗದೆ ಸುಮಾರು 57 ಚೀಲದಷ್ಟು ತೂಕ ಗಾಳಿಗೆ ಹೋಯಿತು. ಕ್ವಿಂಟಲಿಗೆ 2,000 ರೂ. ಕೊಟ್ಟಿದ್ದರೆ ಉಳಿದ ಮಾಲಿನ ನಿಜವಾದ ಅಸಲು ಈಗ 2,120 ರೂ. ಇದನ್ನರಿಯದೆ 2,080ಕ್ಕೆ ಮಾರಿದವನು 80 ರೂ. ಲಾಭವಾಯಿತೆಂದು ತಿಳಿಯುತ್ತಾನೆ, ವಾಸ್ತವದಲ್ಲಿ 40 ರೂ. ಕಳೆದುಕೊಂಡಿರುತ್ತಾನೆ. ಬಡ್ಡಿ, ಬಾಡಿಗೆ, ಹಮಾಲಿ ಇನ್ನೂ ಬೇರೆ.

ಹತ್ತಿಯದೂ ಇದೇ ಕಥೆ. ಭಾರತೀಯ ಹತ್ತಿ ನಿಗಮವು ಶೇ. 8 ತೇವಾಂಶವನ್ನು ಆಧಾರವಾಗಿಟ್ಟು, ಶೇ. 12ರವರೆಗೆ ಪ್ರಮಾಣಾನುಸಾರ ದರ ಕಡಿತ ಮಾಡಿ ಖರೀದಿಸುತ್ತದೆ. ನಾವೂ ಕೊಳ್ಳುವಾಗ ರೈತನ ಹತ್ತಿಯ ತೇವವನ್ನು ಬಹಳ ಕಟ್ಟುನಿಟ್ಟಾಗಿ ಅಳೆಯುತ್ತೇವೆ. ಮಾಲು ನಮ್ಮದಾದ ಮೇಲೆ ಆ ಮಾಪಕ ಮೂಲೆ ಸೇರುತ್ತದೆ.

ಇದರ ದುಷ್ಪರಿಣಾಮ ಹಲವು ಬಗೆಯದು. ಚೀಲದ ಎಣಿಕೆಯನ್ನು 75ರಿಂದ ಗುಣಿಸಿ ಬ್ಯಾಂಕಿಗೆ ದಾಸ್ತಾನು ಪಟ್ಟಿ ಕೊಡುತ್ತೇವೆ. ತಪಾಸಣೆಗೆ ಬಂದವರು ತೂಗಿದರೆ ಕೊರತೆ. ತೆರಿಗೆ ಅಧಿಕಾರಿಗೆ ಅದು ಬಿಲ್ಲಿಲ್ಲದ ಮಾರಾಟದಂತೆ ಕಾಣುತ್ತದೆ. ಇವೆಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಕೊರತೆಯ ಅಪವಾದ ಗೋದಾಮಿನ ಗುಮಾಸ್ತನ ತಲೆಗೆ ಬರುತ್ತದೆ. ವರ್ಷಗಟ್ಟಲೆ ನಿಷ್ಠೆಯಿಂದ ದುಡಿದವನೊಬ್ಬ ಬೇಸಿಗೆಯ ತಪ್ಪಿಗೆ ಕಳ್ಳನೆನಿಸಿಕೊಂಡು ಕೆಲಸ ಬಿಟ್ಟುದನ್ನು ನಾನು ಬಲ್ಲೆ. ಕಲಬುರಗಿ ವಿಭಾಗದ ಬಿಸಿಲನ್ನು ಮನ್ನಿಸಿ ಸರ್ಕಾರವು ಏಪ್ರಿಲ್-ಮೇ ತಿಂಗಳುಗಳಲ್ಲಿ ಕಚೇರಿ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುತ್ತ ಬಂದಿದೆ. ನೌಕರನಿಗೆ ಸಿಕ್ಕ ಈ ಮನ್ನಣೆ ಸರಕಿಗೂ ಸಿಗಬೇಕಾದರೆ ದಾಖಲೆ ಬೇಕು.

ಕಾನೂನು ಇಲ್ಲಿ ನಿರ್ದಯವೇನಲ್ಲ, ಆದರೆ ಮೌನವನ್ನು ಒಪ್ಪುವುದಿಲ್ಲ. 2017ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ಕೈಬಿಟ್ಟ ಸರಕಿಗೆ ಇನ್‌ಪುಟ್ ತೆರಿಗೆಯ ಜಮೆ ದೊರೆಯದು. ರೈತರಿಂದ ಕೊಂಡ ಹತ್ತಿಗೆ ತಾವೇ ತೆರಿಗೆ ಕಟ್ಟಿ ಜಮೆ ಪಡೆಯುವ ಜಿನ್ನಿಂಗ್ ಗಿರಣಿಗಳವರು ಇದನ್ನು ಗಮನಿಸಬೇಕು. ತಯಾರಿಕೆಯಲ್ಲಿ ಸಹಜವಾಗಿ ಆಗುವ ನಷ್ಟಕ್ಕೆ ಈ ನಿರ್ಬಂಧ ಅನ್ವಯಿಸದೆಂದು ಮದ್ರಾಸ್ ಹೈಕೋರ್ಟ್ 2021ರಲ್ಲಿ ಉಕ್ಕಿನ ಕಾರ್ಖಾನೆಯೊಂದರ ಪ್ರಕರಣದಲ್ಲಿ ಹೇಳಿದೆ. ಗೋದಾಮಿನಲ್ಲಿ ಒಣಗಿದ್ದೂ ಸಹಜವೇ ಎಂದು ವಾದಿಸಲು ಅವಕಾಶವಿದೆ. ಆದರೆ ಬರಿಗೈಯಲ್ಲಿ ವಾದಿಸಲಾಗದು.

ಆದ್ದರಿಂದ ನನ್ನ ಸೂಚನೆ ಸರಳವಾದುದು. ಪ್ರತಿಯೊಂದು ಲಾಟಿನ ಒಳಬರುವ ತೂಕದೊಡನೆ ತೇವಾಂಶವನ್ನೂ ಬರೆಯಿರಿ. ತಿಂಗಳಿಗೊಮ್ಮೆ ಕೆಲವು ಚೀಲಗಳನ್ನು ತೂಗಿ, ಮಾಪಕ ಹಿಡಿದು, ದಿನಾಂಕ ಹಾಕಿ ಗುಮಾಸ್ತನ ಸಹಿ ಪಡೆಯಿರಿ. ಮಾರ್ಚ್ 31ರಂದು ಇದನ್ನು ತಪ್ಪಿಸಲೇಬೇಡಿ. ಹೀಗೆ ನಾಲ್ಕಾರು ಗಿರಣಿಗಳ ದಾಖಲೆ ಸೇರಿದರೆ, ನಮ್ಮ ಹವೆಗೆ ತಕ್ಕ ಒಣಗುವಿಕೆಯ ಪ್ರಮಾಣವನ್ನು ಭತ್ತ, ಹತ್ತಿ, ತೊಗರಿಗೆ ಪ್ರತ್ಯೇಕವಾಗಿ ಗೊತ್ತುಪಡಿಸಿ ಬ್ಯಾಂಕುಗಳ ಹಾಗೂ ತೆರಿಗೆ ಇಲಾಖೆಯ ಮುಂದಿಡಲು ನಮ್ಮ ವಾಣಿಜ್ಯ ಸಂಸ್ಥೆಗೆ ಸಾಧ್ಯವಾದೀತು. ಮಳೆಗಾಲದ ತೇವಕ್ಕೆ ಹತ್ತಿ ಮತ್ತೆ ತೂಕ ಪಡೆಯುತ್ತದೆ. ಇಳಿದುದನ್ನು ಬರೆದವರು ಏರಿದುದನ್ನೂ ಅದೇ ಪುಟದಲ್ಲಿ ಬರೆಯಬೇಕು; ಇಲ್ಲವಾದರೆ ಆ ಪುಸ್ತಕವನ್ನು ಯಾವ ಅಧಿಕಾರಿಯೂ ನಂಬುವುದಿಲ್ಲ.