ಮಳೆಗೆ ಜಾತಿಯಿಲ್ಲ, ಸೂರಿಗೆ ಇದೆ



ಸ್ಕೂಲಿನ ಸಮಾಜ ಪಾಠದಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಮಾತೊಂದಿದೆ: ಮನೆಗಳು ಹವಾಮಾನಕ್ಕೆ ತಕ್ಕಂತೆ ಇರುತ್ತವೆ. ಮಲೆನಾಡಿನಲ್ಲಿ ಮಳೆ ಜಾಸ್ತಿ, ಅದಕ್ಕೆ ಇಳಿಜಾರಿನ ಹೆಂಚಿನ ಮಾಡು. ವಿಜಯಪುರ, ರಾಯಚೂರು ಕಡೆ ಬಿಸಿಲು ಜಾಸ್ತಿ, ಅದಕ್ಕೆ ದಪ್ಪ ಗೋಡೆ, ಸಣ್ಣ ಕಿಂಡಿ, ಮೇಲೆ ಮಣ್ಣಿನ ಮಾಳಿಗೆ. ಹಳೇ ಮೈಸೂರಿನ ಕಡೆ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ ಮನೆ. ಇಷ್ಟು ಬರೆದರೆ ಪರೀಕ್ಷೆಯಲ್ಲಿ ಮಾರ್ಕ್ಸು ಸಿಗುತ್ತದೆ. ಸುಳ್ಳೇನೂ ಅಲ್ಲ. ಆದರೆ ಒಂದೇ ಊರು, ಒಂದೇ ಮಳೆ, ಒಂದೇ ಬಿಸಿಲು. ಗೌಡರಿಗೆ ತೊಟ್ಟಿ ಮನೆ ಬಂತು, ನಮ್ಮ ಕೇರಿಗೆ ಗುಡಿಸಲು ಬಂತು. ಇದು ಯಾವ ಹವಾಮಾನ ಸ್ವಾಮಿ?

ಜಗಲಿಯನ್ನೇ ತೆಗೆದುಕೊಳ್ಳಿ. ಸೂರು ಮುಂದಕ್ಕೆ ಚಾಚಿರುತ್ತೆ, ಮಳೆ ಹನಿ ಮಣ್ಣಿನ ಗೋಡೆಗೆ ಬಡಿಯೋದಿಲ್ಲ, ಮಧ್ಯಾಹ್ನ ನೆರಳು, ಸಂಜೆ ಗಾಳಿ. ಜಾಣತನದ ಕಟ್ಟಡವೇ ಸರಿ. ಆದರೆ ಆ ಜಗಲಿ ಇನ್ನೂ ಒಂದು ಕೆಲಸ ಮಾಡುತ್ತಿತ್ತು. ಬಂದವನು ಯಾರು, ಎಷ್ಟು ದೂರ ಬರಬಹುದು ಅಂತ ಅಳೆಯುತ್ತಿತ್ತು. ಅಂಗಳ, ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ದೇವರಕೋಣೆ. ಇವು ಬರೀ ಕೋಣೆಗಳಲ್ಲ, ಮೆಟ್ಟಿಲುಗಳು. ಒಬ್ಬೊಬ್ಬನ ಜಾತಿ ಒಂದೊಂದು ಹೊಸ್ತಿಲಲ್ಲಿ ನಿಂತುಬಿಡುತ್ತಿತ್ತು. ನಮ್ಮಪ್ಪಂದಿರದು ಅಂಗಳದಲ್ಲೇ ನಿಂತಿತು. ಕೊಟ್ಟಿಗೆಯಲ್ಲಿ ದನ ಸತ್ತಾಗ ಮಾತ್ರ ಒಳಗಿಂದ ಕರೆ ಬರುತ್ತಿತ್ತು. ಎಳೆದುಕೊಂಡು ಹೋದ ಮೇಲೆ ಗಂಜಳ ಚಿಮುಕಿಸಿ ಶುದ್ಧ. ಆ ತೊಟ್ಟಿಗೆ ಮಣ್ಣು ಹೊತ್ತವಳು, ಗೋಡೆಗೆ ಕಲ್ಲು ತಂದವನು, ಗಾರೆ ಅರೆದವರು ಯಾರು? ಕಟ್ಟುವಾಗ ಇಲ್ಲದ ಮೈಲಿಗೆ ಗೃಹಪ್ರವೇಶದ ದಿನ ಎಲ್ಲಿಂದ ಬಂತು? ಇದನ್ನು ಯಾವ ವಾಸ್ತು ಪಂಡಿತನೂ ಹೇಳುವುದಿಲ್ಲ.

ಕೇರಿ ಊರಾಚೆಗೆ ಇರುವುದೂ ಆಕಸ್ಮಿಕ ಅಲ್ಲ. ಮನುಸ್ಮೃತಿಯ 10ನೇ ಅಧ್ಯಾಯ ಚಂಡಾಲರ ವಾಸ ಊರ ಹೊರಗೆ ಅಂತ ಬರೆದಿಟ್ಟಿದೆ. ಕೌಟಿಲ್ಯನ ಅರ್ಥಶಾಸ್ತ್ರ ಪಟ್ಟಣದ ನಕ್ಷೆ ಹಾಕುವಾಗ ಅವರಿಗೆ ಸ್ಮಶಾನದ ಅಂಚು ತೋರಿಸುತ್ತದೆ. ಅಂದರೆ ಗೋಡೆ ಏಳುವುದಕ್ಕೆ ಮುಂಚೆಯೇ ನಮ್ಮ ನಕ್ಷೆ ಬರೆದಾಗಿತ್ತು. ನಿಮ್ಮೂರಿನ ಕೇರಿಯನ್ನೇ ನೆನೆಸಿಕೊಳ್ಳಿ. ಜಾಗ ಎತ್ತರದಲ್ಲಿದೆಯೋ, ತಗ್ಗಿನಲ್ಲೋ? ಊರಿನ ಬಚ್ಚಲ ನೀರು ಹರಿದು ಎಲ್ಲಿಗೆ ಬರುತ್ತೆ?

ಹೆಂಚಿನ ಕತೆ ಕೇಳಿ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದರು. ನೇತ್ರಾವತಿ ದಡದ ಜೇಡಿಮಣ್ಣು ಒಳ್ಳೆಯದಿತ್ತು, ಕರಾವಳಿಯ ಮಳೆಗೆ ಹೆಂಚು ಬೇಕಿತ್ತು, ಎರಡೂ ನಿಜ. ಇನ್ನೊಂದು ಕಾರಣವೂ ಇತ್ತು. ಕ್ರೈಸ್ತರಾದವರು ಜಾತಿಯ ಜೊತೆಗೆ ಹಳೇ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗೆ ಮಿಷನ್ನಿನವರು ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ನಡೆಸಿದರು. ಇವತ್ತು ಹಳೇ ಮನೆಗಳ ಫೋಟೋ ಪುಸ್ತಕದಲ್ಲಿ ಚೆಂದ ಕಾಣುವ ಆ ಕೆಂಪು ಮಾಡಿನ ಹಿಂದೆ ಮಳೆಯೂ ಇದೆ, ಜಾತಿಯಿಂದ ಹೊರಬಿದ್ದವರ ಬೆವರೂ ಇದೆ.

ಈಗ ಪಟ್ಟಣದ ಕೆಲವು ಆರ್ಕಿಟೆಕ್ಟುಗಳು ಹೇಳುತ್ತಾರೆ, ಮಣ್ಣಿನ ಮನೆ ತಂಪು, ಗರಿಯ ಮಾಡು ತಂಪು, ಹಳ್ಳಿಯವರು ಯಾಕೆ ಕಾಂಕ್ರೀಟಿಗೆ ಮರುಳಾಗ್ತಾರೋ ಅಂತ. ತಂಪು ಹೌದು. ನಮ್ಮವ್ವ ಸಗಣಿ ಸಾರಿಸಿದ ನೆಲದ ತಂಪು ನಮಗೆ ಗೊತ್ತಿಲ್ಲವೇ? ಆದರೆ ಗರಿಗೆ ಬೆಂಕಿ ತಗಲುತ್ತದೆ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ, ಕೂಲಿ ಹೆಚ್ಚಿಗೆ ಕೇಳಿದ ತಪ್ಪಿಗೆ, ಒಂದು ಗುಡಿಸಲಿನೊಳಗೆ ಹೊಕ್ಕಿದ್ದ 44 ಜನರನ್ನು ಸುಟ್ಟರು. ಹೆಚ್ಚಿನವರು ಹೆಂಗಸರು, ಮಕ್ಕಳು. ನಮ್ಮಲ್ಲೇ 2000ದ ಮಾರ್ಚ್‌ನಲ್ಲಿ ಕಂಬಾಲಪಲ್ಲಿಯಲ್ಲಿ ಮನೆಗೆ ಬೆಂಕಿ ಇಟ್ಟು 7 ಜನ ದಲಿತರನ್ನು ಕೊಂದರು. ನಮ್ಮ ಜನ ಆರ್‌ಸಿಸಿ ಬೇಕು ಅಂತ ಹಟ ಹಿಡಿದರೆ ಅದು ಫ್ಯಾಷನ್ ಅಲ್ಲ ಸಾರ್. ಉರಿಯದ ಸೂರು ಬೇಕು, ಅಷ್ಟೆ. ಪ್ರತಿ ಮಳೆಗಾಲ ಗರಿಗಾಗಿ ಇನ್ನೊಬ್ಬರ ತೋಟದ ಮುಂದೆ ಕೈಕಟ್ಟಿ ನಿಲ್ಲೋದೂ ಬೇಡ.

ಹಾಗಂತ ಸರ್ಕಾರ ಕೊಟ್ಟ ಮನೆಯನ್ನು ಹೊಗಳಬೇಕಾಗಿಲ್ಲ. 1985ರಲ್ಲಿ ಇಂದಿರಾ ಆವಾಸ್ ಶುರುವಾದಾಗ ಅದು ಪರಿಶಿಷ್ಟರಿಗೆ, ಜೀತದಿಂದ ಬಿಡಿಸಿದವರಿಗೆ ಎಂದೇ ಬಂದ ಯೋಜನೆ. ಮನೆಯ ಅಳತೆ 20 ಚದರ ಮೀಟರ್. 2016ರಲ್ಲಿ ಹೆಸರು ಬದಲಾಗಿ ಪ್ರಧಾನಮಂತ್ರಿ ಆವಾಸ್ ಆಯಿತು, ಅಳತೆ 25 ಚದರ ಮೀಟರ್ ಆಯಿತು. ಮೂವತ್ತು ವರ್ಷಕ್ಕೆ ಐದು ಚದರ ಮೀಟರ್! ಕೋಳಿ ಎಲ್ಲಿ, ಕುರಿ ಎಲ್ಲಿ, ಬಾಣಂತಿ ಎಲ್ಲಿ, ಓದುವ ಹುಡುಗಿ ಎಲ್ಲಿ? ಕಲಬುರಗಿಯ ಬಿಸಿಲಿಗೆ ತೆಳ್ಳನೆ ಗೋಡೆ, ಮೇಲೆ ಸಿಮೆಂಟ್ ಶೀಟು. ಏಪ್ರಿಲ್ ತಿಂಗಳಲ್ಲಿ ಒಳಗೆ ಕೂತವನಿಗೆ ಕೇಳಿ. ಗೌಡರ ಮನೆ ಕಟ್ಟುವಾಗ ಹವಾಮಾನ ನೆನಪಾಗುತ್ತೆ, ನಮ್ಮ ಮನೆಗೆ ಬರೀ ಎಸ್ಟಿಮೇಟು.

ದಾರಿ ಇಲ್ಲವೆಂದಲ್ಲ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡಿ ತೋರಿಸಿದರು. ಮಳೆಗೆ ಕರಗೋದಿಲ್ಲ, ಗೂಡಿಗೆ ಸೌದೆ ಬೇಡ. ತಪ್ಪು ಮಣ್ಣಿನದಲ್ಲ. ಮಣ್ಣನ್ನು ಒಬ್ಬರ ತಲೆಯ ಮೇಲೆ ಹೊರಿಸಿದವರದು.

ಅಂಬೇಡ್ಕರ್ ಅಮೆರಿಕ, ಲಂಡನ್‌ನಲ್ಲಿ ಓದಿ 1917ರಲ್ಲಿ ಬರೋಡಕ್ಕೆ ಕೆಲಸಕ್ಕೆ ಹೋದಾಗ ತಲೆ ಇಡಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ಜನ ದೊಣ್ಣೆ ಹಿಡಿದು ಬಂದು ಓಡಿಸಿದರು. ಅದೇ ಮನುಷ್ಯ ಮುಂದೆ 1930ರ ದಶಕದಲ್ಲಿ ಬೊಂಬಾಯಿಯ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದರು. ಬೇರೆಯವರು ಮನೆ ಕಟ್ಟಿ ದೇವರಕೋಣೆಗೆ ಜಾಗ ಹುಡುಕುತ್ತಾರೆ. ಬಾಬಾಸಾಹೇಬರು ಪುಸ್ತಕಗಳಿಗೆ ಜಾಗ ಬೇಕೆಂದು ಮನೆ ಕಟ್ಟಿಸಿದರು.

ನಮ್ಮಲ್ಲಿ ಈಗ ಸಿವಿಲ್ ಇಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ಓದುವ ಹುಡುಗ ಹುಡುಗಿಯರು ಹಾಸ್ಟೆಲ್‌ಗಳಲ್ಲಿ ಬೇಕಾದಷ್ಟು ಜನ ಇದ್ದೀರಿ. ಒಂದು ಕೆಲಸ ಕೊಡುತ್ತೇವೆ. ರಜೆಗೆ ಊರಿಗೆ ಹೋದಾಗ ಟೇಪು ಹಿಡಿದು ಕೇರಿಯ ನಾಲ್ಕು ಮನೆ ಅಳೆಯಿರಿ. ಬಾಗಿಲ ಎತ್ತರ, ಕಿಟಕಿ ಎಷ್ಟು, ಎಷ್ಟು ಜನ ಮಲಗ್ತಾರೆ, ನೀರಿಗೆ ಎಷ್ಟು ದೂರ, ಎಲ್ಲ ಬರೆದುಕೊಳ್ಳಿ. ಅವ್ವನನ್ನು ಕೇಳಿ, ಅವಳಿಗೆ ಒಲೆ ಎಲ್ಲಿರಬೇಕು, ಹೊಗೆ ಎಲ್ಲಿ ಹೋಗಬೇಕು ಅಂತ. ಆಮೇಲೆ ಊರೊಳಗಿನ ಒಂದು ದೊಡ್ಡ ಮನೆಯನ್ನೂ ಅಳೆಯಲು ಹೋಗಿ. ಎಲ್ಲಿವರೆಗೆ ಬಿಡುತ್ತಾರೋ ಅಲ್ಲಿವರೆಗೆ ಅಳೆಯಿರಿ. ಎಲ್ಲಿ ತಡೆದರೋ ಅಲ್ಲಿ ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು, ತಾರೀಕು ಹಾಕಿ, ಮುಂದಿನ ಸಭೆಗೆ ತನ್ನಿ.